ಸರ್ಟಿಫಿಕೇಷನ್ ಪರೀಕ್ಷೆ ಪಾಸಾಯ್ತು, ‘ಏನೇನು ಬಂತು?’ ಅಂತ ಕೇಳುವವರಿಗೆ ಏನು ಹೇಳಲಿ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಐಟಿ ಕಂಪನಿಯಲ್ಲಿ ಸಿಸ್ಟಮ್ ಅಡ್ಮಿನ್. ಮೊನ್ನೆ ಎಡಬ್ಲ್ಯೂಎಸ್ (ಅಮೆಜಾನ್‌ನ ಕ್ಲೌಡ್ ಸೇವೆ) ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಪರೀಕ್ಷೆ ಪಾಸಾದೆ. ಪರೀಕ್ಷೆಗೆ ಮುಂಚೆ ಒಂದು ಒಪ್ಪಂದ ಬಂತು, ಓದದೆಯೇ ಒಪ್ಪಿಗೆ ಒತ್ತಿದೆ. ಈಗ ಟೀಮಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಏನೇನು ಬಂತು ಅಂತ ಕೇಳುತ್ತಿದ್ದಾರೆ. ನೆನಪಿರುವ ಪ್ರಶ್ನೆಗಳನ್ನು ಇಟ್ಟುಕೊಂಡು ಒಂದು ಕೆಟಿ ಸೆಷನ್ (ಗೊತ್ತಿರುವುದನ್ನು ಟೀಮಿಗೆ ಹೇಳಿಕೊಡುವುದು) ಮಾಡಿ ಅಂತ ಮ್ಯಾನೇಜರ್ ಹೇಳಿದ್ದಾರೆ. ನಾನು ಓದಿದ ದಾವಣಗೆರೆಯ ಕಾಲೇಜಿನ ಜೂನಿಯರ್‌ಗಳಿಗೂ ನನ್ನ ಅನುಭವವನ್ನು ಕನ್ನಡದಲ್ಲಿ ಬರೆದು ಕೊಡುವ ಆಸೆ ಇದೆ. ಎಷ್ಟು ಹೇಳಬಹುದು? ಎಷ್ಟು ಪ್ರಶ್ನೆ ಇತ್ತು ಅನ್ನುವುದನ್ನೂ ಹೇಳಬಾರದಾ? ಇನ್ನೊಂದು ಭಯವೂ ಇದೆ. ಪರೀಕ್ಷೆಗೆ ಮುಂಚೆ ಸಹೋದ್ಯೋಗಿಯೊಬ್ಬರು ಒಂದು ಪಿಡಿಎಫ್ ಕಳಿಸಿದ್ದರು. ಪ್ರಾಕ್ಟೀಸ್ ಟೆಸ್ಟ್ ಅಂದುಕೊಂಡು ಒಂದಷ್ಟು ಪುಟ ನೋಡಿದ್ದೆ. ಅದು ಡಂಪ್, ಅಂದರೆ ನಿಜವಾದ ಪರೀಕ್ಷೆಯಿಂದ ಕದ್ದ ಪ್ರಶ್ನೆಗಳ ಕಂತೆ ಅಂತ ಈಗ ಗೊತ್ತಾಗಿದೆ. ನನ್ನ ಸರ್ಟಿಫಿಕೇಟ್ ಹೋಗುತ್ತಾ?

ಉತ್ತರ: ಮೊದಲು ಅಭಿನಂದನೆಗಳು. ಕೆಲಸ ಮಾಡಿಕೊಂಡೇ ಓದಿ ಈ ಪರೀಕ್ಷೆ ಪಾಸಾಗುವುದು ಸುಲಭವಲ್ಲ.

ನಿಮ್ಮ ಬಗ್ಗೆ ಎಷ್ಟು ಬೇಕಾದರೂ ಹೇಳಿಕೊಳ್ಳಿ, ಪ್ರಶ್ನೆಗಳ ಬಗ್ಗೆ ಏನೂ ಹೇಳಬೇಡಿ. ಒಂದೇ ಸಾಲಿನಲ್ಲಿ ಉತ್ತರ ಬೇಕಾದರೆ ಇಷ್ಟೇ. ಆದರೆ ನಿಮ್ಮ ಮಾತು ಎಲ್ಲಿ ಮುಗಿಯಿತು, ಪ್ರಶ್ನೆಯ ಮಾತು ಎಲ್ಲಿ ಶುರುವಾಯಿತು ಅಂತ ಹೇಳುವುದೇ ಕಷ್ಟ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಿಮ್ಮ ಗ್ರೂಪಿನವರನ್ನು ಬೈಯಬೇಡಿ. ನಾವೆಲ್ಲ ಬೆಳೆದು ಬಂದ ರೀತಿಯೇ ಹಾಗಿದೆ. ಎಸ್ಸೆಸ್ಸೆಲ್ಸಿ ಇರಲಿ, ಪಿಯುಸಿ ಇರಲಿ, ಹಾಲ್‌ನಿಂದ ಹೊರಗೆ ಬಂದ ಕೂಡಲೇ ಕೇಳುವ ಮೊದಲ ಮಾತು ‘ಪೇಪರ್ ಹೇಗಿತ್ತು?’ ಅಂತ. ಪ್ರಶ್ನೆಪತ್ರಿಕೆ ಕೈಯಲ್ಲೇ ಇರುತ್ತದೆ. ಮನೆಗೆ ಬಂದು ಅಪ್ಪನಿಗೆ ತೋರಿಸುತ್ತೇವೆ, ಟ್ಯೂಷನ್ ಮೇಷ್ಟ್ರಿಗೆ ತೋರಿಸುತ್ತೇವೆ. ಸಿಇಟಿ ಮುಗಿದರೆ ಪರೀಕ್ಷಾ ಪ್ರಾಧಿಕಾರವೇ ಕೀ ಉತ್ತರ ಹಾಕಿ, ಆಕ್ಷೇಪಣೆ ಇದ್ದರೆ ಹೇಳಿ ಅನ್ನುತ್ತದೆ. ಬರೆದ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನಲ್ಲಿ ನೋಡಬಹುದು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಇದೆಲ್ಲ ಸಾರ್ವಜನಿಕ ಪರೀಕ್ಷೆ. ಒಂದು ಪೇಪರ್ ಒಂದು ದಿನಕ್ಕೆ ಮಾತ್ರ. ಅದು ಮುಗಿದ ಮೇಲೆ ಎಲ್ಲರೂ ನೋಡಿದರೇ ಒಳ್ಳೆಯದು.

ಎಡಬ್ಲ್ಯೂಎಸ್, ಸಿಸ್ಕೋ, ಮೈಕ್ರೋಸಾಫ್ಟ್, ರೆಡ್ ಹ್ಯಾಟ್, ಕಾಂಪ್‌ಟಿಯಾ ಪರೀಕ್ಷೆಗಳು ನಡೆಯುವ ರೀತಿಯೇ ಬೇರೆ. ಇಲ್ಲಿ ಪರೀಕ್ಷೆಗೆ ಒಂದು ದಿನ ಅಂತ ಇಲ್ಲ. ಇವತ್ತು ನೀವು ಬರೆದಿರಿ, ನಾಳೆ ಮಂಗಳೂರಿನಲ್ಲಿ ಇನ್ನೊಬ್ಬರು, ನಾಳಿದ್ದು ದುಬೈನಲ್ಲಿ ಮತ್ತೊಬ್ಬರು. ಪ್ರಶ್ನೆಗಳೆಲ್ಲ ಒಂದು ದೊಡ್ಡ ಸಂಗ್ರಹದಲ್ಲಿ ಇರುತ್ತವೆ. ಒಬ್ಬೊಬ್ಬರಿಗೆ ಒಂದೊಂದು ಜೋಡಣೆ ಹೋಗುತ್ತದೆ, ಅದೇ ಪ್ರಶ್ನೆಗಳು ಮತ್ತೆ ಮತ್ತೆ ಬಳಕೆಯಾಗುತ್ತವೆ.

ಒಂದೊಂದು ಪ್ರಶ್ನೆಯ ಹಿಂದೆಯೂ ಕೆಲಸ ಜಾಸ್ತಿ. ಆ ಕ್ಷೇತ್ರದಲ್ಲಿ ಪಳಗಿದವರು ಬರೆಯಬೇಕು, ಇನ್ನೊಬ್ಬರು ತಿದ್ದಬೇಕು, ಆಮೇಲೆ ನಿಜವಾದ ಅಭ್ಯರ್ಥಿಗಳ ಮೇಲೆ ಪ್ರಯೋಗ ಮಾಡಿ ನೋಡಬೇಕು. ನಿಮ್ಮ ಪರೀಕ್ಷೆಯಲ್ಲೇ ಅದು ನಡೆದಿದೆ. ಇದ್ದ 65 ಪ್ರಶ್ನೆಗಳಲ್ಲಿ 15ಕ್ಕೆ ಅಂಕವೇ ಇರಲಿಲ್ಲ. ಯಾವ 15 ಅಂತ ನಿಮಗೆ ಹೇಳುವುದಿಲ್ಲ. ಚೆನ್ನಾಗಿ ಓದಿದವರು ಸರಿ ಮಾಡಿ, ಓದದವರು ತಪ್ಪು ಮಾಡಿದರೆ ಮಾತ್ರ ಆ ಪ್ರಶ್ನೆ ಮುಂದೆ ಅಂಕದ ಪ್ರಶ್ನೆಯಾಗುತ್ತದೆ. ಹೊರಗೆ ಸೋರಿದರೆ ಅದೇ ಪ್ರಶ್ನೆ ಎಲ್ಲರಿಗೂ ಸುಲಭ ಅಂತ ಕಾಣುತ್ತದೆ, ತೆಗೆದುಹಾಕದೆ ಬೇರೆ ದಾರಿ ಇರುವುದಿಲ್ಲ. ಕಣ್ಣಿನ ಡಾಕ್ಟರ ಗೋಡೆಯ ಮೇಲಿರುವ ಅಕ್ಷರದ ಬೋರ್ಡನ್ನು ಬಾಯಿಪಾಠ ಮಾಡಿಕೊಂಡು ಹೋದರೆ ಸರಿಯಾದ ಕನ್ನಡಕ ಸಿಗುತ್ತದಾ? ಇಲ್ಲೂ ಅಷ್ಟೇ.

ಈಗ ನೀವು ಓದದೆ ಒತ್ತಿದ ಒಪ್ಪಂದಕ್ಕೆ ಬರೋಣ. ಓದಲಿಲ್ಲ ಅನ್ನುವುದು ನೆಪ ಆಗುವುದಿಲ್ಲ. ಪರದೆಯ ಮೇಲೆ ಒಪ್ಪಿದ ಕರಾರೂ ಕರಾರೇ ಅಂತ ನಮ್ಮ ಐಟಿ ಕಾಯ್ದೆಯ 10ಎ ಸೆಕ್ಷನ್ ಹೇಳುತ್ತದೆ. ಸೈಬರ್ ಸೆಕ್ಯುರಿಟಿಯವರು ಬರೆಯುವ ಸಿಐಎಸ್‌ಎಸ್‌ಪಿ ಪರೀಕ್ಷೆಯಲ್ಲಿ ಇನ್ನೂ ಬಿಗಿ. ಒಪ್ಪಂದ ಓದಿ ಒಪ್ಪಲು 5 ನಿಮಿಷ ಕೊಡುತ್ತಾರೆ. ಅಷ್ಟರಲ್ಲಿ ಒಪ್ಪದಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು, ಕಟ್ಟಿದ ದುಡ್ಡೂ ಹೋಯಿತು. ಕರಾರಿನ ಜೊತೆಗೆ ಕಾಪಿರೈಟ್ ಕೂಡ ಇದೆ. ಪ್ರಶ್ನೆಪತ್ರಿಕೆಗೂ ಕಾಪಿರೈಟ್ ಉಂಟು ಅಂತ ಲಂಡನ್ನಿನ ಕೋರ್ಟೊಂದು 1916ರಲ್ಲೇ ತೀರ್ಪು ಕೊಟ್ಟಿತ್ತು. ಅದು ಗಣಿತದ ಪೇಪರ್‌ಗಳ ಜಗಳ. ಕಾಪಿರೈಟ್ ಪಾಠ ಮಾಡುವವರು ನಮ್ಮಲ್ಲಿ ಇವತ್ತಿಗೂ ಆ ಕೇಸನ್ನು ಎತ್ತುತ್ತಾರೆ.

‘ನಾನು ಫೋಟೊ ತೆಗೆದಿಲ್ಲ, ಬರೆದುಕೊಂಡು ಬಂದಿಲ್ಲ, ತಲೆಯಲ್ಲಿ ಇರುವುದನ್ನು ಹೇಳಿದರೆ ಏನು ತಪ್ಪು?’ ಇದು ಎಲ್ಲರೂ ಕೇಳುವ ಮಾತು. ಪ್ರಶ್ನೆ ಹೇಗೆ ಹೊರಗೆ ಬಂತು ಅನ್ನುವುದು ಈ ಒಪ್ಪಂದಗಳಿಗೆ ಮುಖ್ಯವಲ್ಲ. ಐಟಿಯಿಂದ ಸ್ವಲ್ಪ ಆಚೆಯ ಒಂದು ಪ್ರಸಂಗ ನೋಡಿ. ಅಮೆರಿಕನ್ ಬೋರ್ಡ್ ಆಫ್ ಇಂಟರ್ನಲ್ ಮೆಡಿಸಿನ್ 2010ರಲ್ಲಿ 139 ವೈದ್ಯರ ಮೇಲೆ ಕ್ರಮ ತೆಗೆದುಕೊಂಡಿತು. ಪರೀಕ್ಷೆಯ ಪ್ರಶ್ನೆಗಳನ್ನು ಒಂದು ಕೋಚಿಂಗ್ ಕೋರ್ಸಿನ ಮೂಲಕ ಹಂಚಿಕೊಂಡರು ಅನ್ನುವುದು ಆರೋಪ. ಅಲ್ಲಿ ಕೋಚಿಂಗ್‌ಗೆ ಹೋಗುತ್ತಿದ್ದದ್ದೂ ಹೆಚ್ಚಾಗಿ ಹೀಗೆ ನೆನಪಿನಲ್ಲಿ ಉಳಿದ ಪ್ರಶ್ನೆಗಳೇ.

ಐಟಿಯಲ್ಲೂ ಹಳೆಯ ಕಥೆ ಇದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಬ್ಬ ಮೈಕ್ರೋಸಾಫ್ಟ್ ಪರೀಕ್ಷೆಯ ಪ್ರಶ್ನೆ, ಉತ್ತರಗಳನ್ನು ವೆಬ್‌ಸೈಟ್ ಇಟ್ಟು ಮಾರುತ್ತಿದ್ದ. ವ್ಯಾಪಾರ ರಹಸ್ಯ ಕದ್ದ ಕೇಸಿನಲ್ಲಿ 2002ರಲ್ಲಿ ತಪ್ಪೊಪ್ಪಿಕೊಂಡ. ಜೈಲು ಶಿಕ್ಷೆಯಾಯಿತು. ಆ ದುಡ್ಡಿನಲ್ಲಿ ಕೊಂಡಿದ್ದ ಫೆರಾರಿ ಕಾರೂ ಕೈಬಿಟ್ಟು ಹೋಯಿತು.

ಹಾಗಂತ ಗಾಬರಿ ಬೀಳಬೇಡಿ. ಒಂದು ವಾಟ್ಸಾಪ್ ಮೆಸೇಜಿಗೆ ಪೊಲೀಸರು ಮನೆಗೆ ಬರುವ ವಿಷಯ ಇದಲ್ಲ. ಪೇಪರ್ ಲೀಕ್ ತಡೆಯಲು 2024ರಲ್ಲಿ ಬಂದ ಕೇಂದ್ರದ ಕಾಯ್ದೆ ಯುಪಿಎಸ್‌ಸಿ, ಎಸ್‌ಎಸ್‌ಸಿ, ರೈಲ್ವೆ, ಬ್ಯಾಂಕ್ ನೇಮಕಾತಿ, ಎನ್‌ಟಿಎ ಮುಂತಾದ ಪರೀಕ್ಷೆಗಳಿಗೆ. ನಮ್ಮ ರಾಜ್ಯದ 2023ರ ಕಾಯ್ದೆ ಸರ್ಕಾರಿ ನೇಮಕಾತಿಗೆ. ಖಾಸಗಿ ಕಂಪನಿಯ ಸರ್ಟಿಫಿಕೇಟ್ ಇವೆರಡರ ಕೆಳಗೂ ಬರುವುದಿಲ್ಲ. ಆದರೆ ಪರೀಕ್ಷೆ ನಡೆಸುವವರ ಕೈಯಲ್ಲಿ ಅವರದೇ ಶಿಕ್ಷೆ ಇದೆ. ಫಲಿತಾಂಶ ರದ್ದು ಮಾಡಬಹುದು. ಹಿಂದೆ ಪಡೆದ ಸರ್ಟಿಫಿಕೇಟ್‌ಗಳನ್ನೂ ವಾಪಸ್ ತೆಗೆದುಕೊಳ್ಳಬಹುದು. ಮುಂದೆ ಪರೀಕ್ಷೆಗೆ ಕೂರದಂತೆ ಮಾಡಬಹುದು, ಕೆಲವು ಕಡೆ ಜೀವನಪೂರ್ತಿ. ಬೆಂಗಳೂರಿನಲ್ಲಿ ಕ್ಲೌಡ್ ಕೆಲಸ ಮಾಡುವವರಿಗೆ ಅದು ಚಿಕ್ಕ ಪೆಟ್ಟಲ್ಲ.

ಹಾಗಾದರೆ ಏನು ಹೇಳಬಹುದು? ಬಾಯಿ ತೆರೆಯುವ ಮುಂಚೆ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಮಾತನ್ನು ನಾನು ಪರೀಕ್ಷೆಗೆ ಕೂರುವ ಮುಂಚೆಯೂ ಹೇಳಬಹುದಿತ್ತಾ? ಹೌದು ಅಂತಾದರೆ ಧೈರ್ಯವಾಗಿ ಹೇಳಿ. ಇಲ್ಲ, ಒಳಗೆ ಹೋಗಿ ಬಂದಿದ್ದಕ್ಕೇ ಇದು ಗೊತ್ತಾಯಿತು ಅಂತಾದರೆ ಇನ್ನೊಂದು ಪ್ರಶ್ನೆ. ಇದು ನನ್ನ ಬಗ್ಗೆಯಾ, ಅಥವಾ ಪರದೆಯ ಮೇಲೆ ಇದ್ದದ್ದರ ಬಗ್ಗೆಯಾ? ನಿಮ್ಮ ಬಗ್ಗೆ ಆದರೆ ಹೇಳಿ. ಪರದೆಯ ಬಗ್ಗೆ ಆದರೆ ನುಂಗಿಕೊಳ್ಳಿ.

65 ಪ್ರಶ್ನೆ, 130 ನಿಮಿಷ, ಪಾಸಾಗಲು 1000ಕ್ಕೆ 720. ಇದು ಯಾವ ಗುಟ್ಟೂ ಅಲ್ಲ, ಎಡಬ್ಲ್ಯೂಎಸ್ ತಾನೇ ಪ್ರಕಟಿಸಿದೆ. ಸೆಕ್ಯುರಿಟಿಗೆ ಶೇಕಡಾ 30, ರೆಸಿಲಿಯನ್ಸ್‌ಗೆ (ಒಂದು ಭಾಗ ಕೆಟ್ಟರೂ ಸಿಸ್ಟಮ್ ನಿಲ್ಲದಿರುವುದು) 26, ಪರ್ಫಾರ್ಮೆನ್ಸ್‌ಗೆ 24, ವೆಚ್ಚ ಉಳಿಸುವ ವಿನ್ಯಾಸಕ್ಕೆ 20 ಅಂತ ಈ ಪರೀಕ್ಷೆಯ ಈಗಿನ ಆವೃತ್ತಿಯಾದ ಎಸ್‌ಎಎ-ಸಿ03 ಎಕ್ಸಾಂ ಗೈಡಿನಲ್ಲಿ ಬರೆದೇ ಇದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ ಅಂತಲೂ ಅಲ್ಲೇ ಇದೆ. ಯಾವ ಯಾವ ಸರ್ವಿಸ್ ಪಠ್ಯದಲ್ಲಿದೆ, ಯಾವುದು ಇಲ್ಲ ಅನ್ನುವ ಪಟ್ಟಿಯೂ ಇದೆ. ನೀವು ಗುಟ್ಟು ಅಂದುಕೊಂಡು ಬಚ್ಚಿಟ್ಟಿರುವ ಅರ್ಧ ಸಂಗತಿ ಆ ಗೈಡಿನಲ್ಲಿ ಪುಕ್ಕಟೆ ಸಿಗುತ್ತದೆ. ಬೇಜಾರೆಂದರೆ ಅದನ್ನು ಪೂರ್ತಿ ಓದುವವರೇ ಕಡಿಮೆ.

ನಿಮ್ಮ ಓದಿನ ಕಥೆಯೂ ಪೂರ್ತಿ ನಿಮ್ಮದೇ. ಯಾವ ಕೋರ್ಸ್ ನೋಡಿದಿರಿ, ಯಾವುದು ದಂಡ ಅನಿಸಿತು, ವಿಪಿಸಿ (ಕ್ಲೌಡಿನೊಳಗಿನ ಖಾಸಗಿ ನೆಟ್‌ವರ್ಕ್) ಮೊದಲ ಸಲ ಓದಿದಾಗ ತಲೆಗೆ ಹತ್ತಲಿಲ್ಲವಾ, ಆಮೇಲೆ ಹೇಗೆ ಹತ್ತಿತು. ಸೆಂಟರಿನಲ್ಲಿ ಎರಡು ಗುರುತಿನ ಚೀಟಿ ಕೇಳಿದರಾ, ವಾಚು ಬಿಚ್ಚಿಸಿದರಾ, ಮಧ್ಯದಲ್ಲಿ ಕರೆಂಟ್ ಹೋಯಿತಾ. ಸಮಯ ಸಾಕಾಯಿತಾ, ಕೊನೆಗೆ ಕಣ್ಣು ಮಂಜಾಯಿತಾ. ಸ್ಕೋರ್ ರಿಪೋರ್ಟ್ ನಿಮ್ಮದೇ, ತೋರಿಸಬಹುದು. ಅದರಲ್ಲಿರುವ ಅಭ್ಯರ್ಥಿ ಸಂಖ್ಯೆಯನ್ನು ಮಾತ್ರ ಮುಚ್ಚಿ ಹಾಕಿ.

ಇನ್ನು ಆಚೆ ಕಡೆ. ‘ಎಸ್3 (ಫೈಲ್ ಇಡುವ ಸರ್ವಿಸ್) ಬಗ್ಗೆ ಆರು ಪ್ರಶ್ನೆ ಬಂತು’ ಅಂದರೆ ತಪ್ಪು. ‘ಒಂದು ಕಂಪನಿಗೆ ಹಳೆಯ ಲಾಗ್ ಇಡಬೇಕು, ಅಪರೂಪಕ್ಕೆ ತೆಗೆಯಬೇಕು ಅಂತ ಒಂದು ಪ್ರಶ್ನೆ, ಉತ್ತರ ಇಂಥದ್ದು’ ಅಂದರೆ ಇನ್ನೂ ತಪ್ಪು. ಕಂಪನಿಯ ಹೆಸರು ಬದಲಿಸಿ, ಅಂಕಿ ಬದಲಿಸಿ ಹೇಳಿದರೂ ತಪ್ಪೇ. ಆ ಪ್ರಶ್ನೆಯ ಗಂಟು ಎಲ್ಲಿದೆಯೋ ಅದನ್ನೇ ನೀವು ಬಿಚ್ಚಿ ಕೊಟ್ಟಂತಾಯಿತು. ‘ಇಂಥ ಸರ್ವಿಸ್ ಓದಲೇಬೇಡಿ, ಒಂದೂ ಬಂದಿಲ್ಲ’ ಅನ್ನುವುದೂ ಅದೇ ಜಾತಿಯ ಮಾತು. ಜೊತೆಗೆ ದಡ್ಡತನ ಕೂಡ, ಯಾಕೆಂದರೆ ಮುಂದಿನವರಿಗೆ ಹೋಗುವ ಜೋಡಣೆ ಬೇರೆ.

‘ಸೆಕ್ಯುರಿಟಿ ಚೆನ್ನಾಗಿ ಓದಿ’ ಅಂತ ಹೇಳಬಹುದಾ? ಗೈಡಿನಲ್ಲೇ ಅದಕ್ಕೆ ಶೇಕಡಾ 30 ಇದೆ, ಹಾಗಾಗಿ ಹೇಳಿ. ಆ ಶೇಕಡಾವಾರಿಗಿಂತ ಒಳಗೆ ಇಳಿಯುವಾಗ ನಿಲ್ಲಿಸಿ. ಕೆಲವು ಸಂಸ್ಥೆಗಳ ಒಪ್ಪಂದ ಇನ್ನೊಂದಕ್ಕಿಂತ ಬಿಗಿಯಾಗಿರುತ್ತದೆ. ಅನುಮಾನ ಬಂದರೆ ನೀವು ಒಪ್ಪಿದ ಒಪ್ಪಂದವನ್ನು ಅವರ ವೆಬ್‌ಸೈಟಿನಲ್ಲೇ ತೆರೆದು ಓದಬಹುದು. ಬಹುತೇಕ ಸಂಸ್ಥೆಗಳು ಅದನ್ನು ಅಲ್ಲಿ ಇಟ್ಟಿರುತ್ತವೆ.

ಲ್ಯಾಬ್ ಪರೀಕ್ಷೆಗಳಲ್ಲಿ ಇನ್ನೂ ಎಚ್ಚರ ಬೇಕು. ನಿಮ್ಮ ಟೀಮಿನವರು ಮುಂದೆ ಆರ್‌ಎಚ್‌ಸಿಎಸ್‌ಎ (ರೆಡ್ ಹ್ಯಾಟ್‌ನ ಲಿನಕ್ಸ್ ಪರೀಕ್ಷೆ), ಸಿಕೆಎ (ಕುಬರ್ನೆಟಿಸ್ ಪರೀಕ್ಷೆ) ಕಡೆ ಹೋಗುತ್ತಾರೆ, ಅದಕ್ಕೇ ಹೇಳುತ್ತೇನೆ. ಅಲ್ಲಿ ನಾಲ್ಕು ಆಯ್ಕೆ ಇರುವುದಿಲ್ಲ. ನಿಜವಾದ ಮಷೀನ್ ಮೇಲೆ ಕೆಲಸ ಮಾಡಿ ತೋರಿಸಬೇಕು. ಇರುವ ಕೆಲಸಗಳೇ ಕೆಲವು. ಒಂದನ್ನು ಹೇಳಿಬಿಟ್ಟರೂ ಪರೀಕ್ಷೆಯ ದೊಡ್ಡ ಪಾಲನ್ನೇ ಹೇಳಿದಂತೆ. ಆರ್‌ಎಚ್‌ಸಿಎಸ್‌ಎಯನ್ನೇ ನೋಡಿ. ಬೂಟ್ ಆಗುವುದನ್ನು ಮಧ್ಯದಲ್ಲಿ ತಡೆದು ಸಿಸ್ಟಮ್ ಒಳಗೆ ಹೋಗುವುದು, ಡಿಸ್ಕಿನ ಜಾಗ ಹಂಚುವ ಎಲ್‌ವಿಎಂ ವಾಲ್ಯೂಮ್ ಮಾಡುವುದು, ಇವೆರಡೂ ರೆಡ್ ಹ್ಯಾಟ್ ಪ್ರಕಟಿಸಿರುವ ಉದ್ದೇಶಗಳ ಪಟ್ಟಿಯಲ್ಲಿವೆ. ಅದನ್ನು ನೀವು ರಾತ್ರಿಯಿಡೀ ಕೂತು ಕಲಿಸಿ, ಯಾರೂ ಕೇಳುವುದಿಲ್ಲ. ಆದರೆ ನಿಮ್ಮ ಪರೀಕ್ಷೆಯಲ್ಲಿ ಮೊದಲ ಕೆಲಸ ಯಾವುದು, ವಾಲ್ಯೂಮ್ ಎಷ್ಟು ದೊಡ್ಡದು, ಯಾವ ಹೆಸರು ಕೊಡಬೇಕಿತ್ತು ಅನ್ನುವುದು ಒಳಗಿನ ಮಾತು. ಬೆಂಗಳೂರಿನಲ್ಲಿ ಸಿಸ್ಕೋದ ಸಿಸಿಐಇ ಲ್ಯಾಬ್ ಪರೀಕ್ಷೆ ಬರೆದವರು ಎಂಟು ಗಂಟೆ ಕೂತು ಬಂದಿರುತ್ತಾರೆ, ಹೇಳಿಕೊಳ್ಳುವ ತುಡಿತ ಜಾಸ್ತಿ ಇರುತ್ತದೆ. ಆ ಎಂಟು ಗಂಟೆ ಹೇಗೆ ಹಂಚಿಕೊಂಡೆ, ಊಟದ ಮೇಲೆ ಹೇಗೆ ಸುಸ್ತಾಯಿತು ಅಂತ ಹೇಳಿಕೊಂಡರೆ ಸಾಕು.

ಈ ನಡುವೆ ಹೊಸದೊಂದು ಚಾಳಿ ಶುರುವಾಗಿದೆ. ಹೊರಗೆ ಬಂದವರೇ ನೆನಪಿರುವ ಪ್ರಶ್ನೆಯನ್ನು ಚಾಟ್‌ಜಿಪಿಟಿಗೆ ಹಾಕಿ ‘ನಾನು ಹಾಕಿದ ಉತ್ತರ ಸರಿಯಾ?’ ಅಂತ ಕೇಳುತ್ತಾರೆ. ಪ್ರಶ್ನೆ ನಿಮ್ಮ ತಲೆಯಿಂದ ಹೊರಗೆ ಹೋಗಿದ್ದು ಹೋಗಿದ್ದೇ ಅಲ್ವಾ? ಆ ವಿಷಯದ ಡಾಕ್ಯುಮೆಂಟೇಷನ್ ತೆರೆದು ನೀವೇ ಓದಿಕೊಳ್ಳಿ. ಪ್ರಶ್ನೆಯೇ ತಪ್ಪಿತ್ತು ಅನಿಸಿದರೆ ಪರೀಕ್ಷೆ ನಡೆಸುವವರಿಗೇ ಹೇಳಿ. ಅವರಿಗೆ ಹೇಳುವುದು ಸೋರಿಕೆ ಅಲ್ಲ. ಸೆಂಟರಿನಲ್ಲಿ ತೊಂದರೆ ಆಗಿದ್ದರೆ ಹೊರಡುವ ಮುಂಚೆ ಅದನ್ನು ದಾಖಲು ಮಾಡಿಸಿ, ದೂರಿನ ನಂಬರ್ ಇಸಿದುಕೊಂಡು ಬನ್ನಿ.

ಮ್ಯಾನೇಜರ್ ವಿಷಯ. ಅವರ ಮೇಲೂ ಒತ್ತಡ ಇರುತ್ತದೆ. ಕ್ಲೌಡ್ ಕಂಪನಿಗಳ ಪಾರ್ಟ್‌ನರ್ ದರ್ಜೆಗೆ ಇಷ್ಟು ಜನ ಸರ್ಟಿಫೈಡ್ ಇರಬೇಕು ಅನ್ನುವ ಲೆಕ್ಕ ಇದೆ. ಆದರೆ ಒಪ್ಪಂದಕ್ಕೆ ಒಪ್ಪಿದವರು ನೀವು, ಕಂಪನಿಯಲ್ಲ. ಪರೀಕ್ಷೆಯ ದುಡ್ಡನ್ನು ಕಂಪನಿ ಕೊಟ್ಟಿದ್ದರೂ ಅಷ್ಟೇ. ಸಿಕ್ಕಿಬಿದ್ದರೆ ಹೋಗುವುದು ನಿಮ್ಮ ಹೆಸರು. ಜಗಳ ಬೇಡ, ಹೀಗೆ ಹೇಳಿ: ‘ಸರ್, ಪ್ರಶ್ನೆ ಹೇಳಿದರೆ ನನ್ನ ಸರ್ಟಿಫಿಕೇಟ್ ರದ್ದಾಗಬಹುದು, ಆಗ ನಮ್ಮ ಲೆಕ್ಕದಲ್ಲೇ ಒಂದು ಕಡಿಮೆಯಾಗುತ್ತದೆ. ಬದಲಿಗೆ ಎಕ್ಸಾಂ ಗೈಡ್ ಇಟ್ಟುಕೊಂಡು ನಾಲ್ಕು ಸೆಷನ್ ಮಾಡುತ್ತೇನೆ.’ ಈ ಲೆಕ್ಕ ಅವರಿಗೆ ಬೇಗ ಅರ್ಥವಾಗುತ್ತದೆ.

ಆ ಸೆಷನ್‌ಗೆ ಸರಕು ನಿಮ್ಮ ಆಫೀಸಿನಲ್ಲೇ ಇದೆ. ನೀವು ದಿನಾ ನೋಡುವ ಸಿಸ್ಟಮ್ ಒಂದನ್ನು ಬೋರ್ಡ್ ಮೇಲೆ ಬಿಡಿಸಿ. ಒಂದು ಅವೈಲಬಿಲಿಟಿ ಜೋನ್ (ಡೇಟಾ ಸೆಂಟರುಗಳ ಒಂದು ಗುಂಪು) ಬಿದ್ದರೆ ಏನಾಗುತ್ತದೆ? ಬಿಲ್ ಅರ್ಧ ಮಾಡು ಅಂದರೆ ಎಲ್ಲಿ ಕತ್ತರಿ ಹಾಕುತ್ತೀರಿ? ಈ ಡೇಟಾಬೇಸನ್ನು ಯಾರು ಯಾರು ಮುಟ್ಟಬಹುದು? ಪರೀಕ್ಷೆ ಅಳೆಯುವುದೂ ಇಂಥ ಯೋಚನೆಯನ್ನೇ. ಇದು ಗೈಡಿನಲ್ಲೇ ಇರುವ ಮಾತು, ಒಳಗಿನ ಸುದ್ದಿಯಲ್ಲ. ಪ್ರಾಕ್ಟೀಸ್ ಪ್ರಶ್ನೆ ಬೇಕಿದ್ದರೆ ಎಡಬ್ಲ್ಯೂಎಸ್ ಸ್ಕಿಲ್ ಬಿಲ್ಡರ್ ಅನ್ನುವ ಕಲಿಕೆಯ ವೆಬ್‌ಸೈಟಿನಲ್ಲಿ ಅವರದೇ ಪುಕ್ಕಟೆ ಪ್ರಶ್ನೆಗಳಿವೆ. ನೀವೇ ಪ್ರಶ್ನೆ ಬರೆಯುವುದಾದರೆ ಡಾಕ್ಯುಮೆಂಟೇಷನ್ ನೋಡಿಕೊಂಡು ಬರೆಯಿರಿ, ನೆನಪು ನೋಡಿಕೊಂಡು ಬೇಡ. ಪರೀಕ್ಷೆ ಇನ್ನೂ ಹಸಿಯಾಗಿ ತಲೆಯಲ್ಲಿ ಇರುವಾಗ ಇವೆರಡೂ ಬೆರೆತುಹೋಗುತ್ತವೆ. ಹಾಗಾಗಿ ಸದ್ಯಕ್ಕೆ ಪ್ರಶ್ನೆ ಬರೆಯುವ ಕೆಲಸವನ್ನು ಇನ್ನೂ ಪರೀಕ್ಷೆ ಬರೆಯದ ಒಬ್ಬರಿಗೆ ಕೊಡುವುದೇ ವಾಸಿ.

ಈಗ ನಿಮ್ಮ ಭಯಕ್ಕೆ ಬರುತ್ತೇನೆ. ಆ ಪಿಡಿಎಫ್.

ಡಂಪನ್ನು ಗುರುತಿಸುವುದು ಕಷ್ಟವಲ್ಲ. ‘ನೂರಕ್ಕೆ ನೂರು ಪಾಸ್ ಗ್ಯಾರಂಟಿ’ ಅಂತ ಇದ್ದರೆ, ‘ನಿಜವಾದ ಪರೀಕ್ಷೆಯ ಪ್ರಶ್ನೆಗಳು, ಕಳೆದ ವಾರ ಅಪ್‌ಡೇಟ್ ಮಾಡಿದ್ದು’ ಅಂತ ಇದ್ದರೆ ಡಂಪ್. ಸಾವಿರ ಪ್ರಶ್ನೆ ಇದ್ದು ಒಂದಕ್ಕೂ ಕಾರಣ ವಿವರಿಸದಿದ್ದರೆ ಅನುಮಾನಪಡಿ. ಪ್ರಾಮಾಣಿಕ ಪ್ರಾಕ್ಟೀಸ್ ಟೆಸ್ಟಿನವರು ಇವು ನಿಜವಾದ ಪ್ರಶ್ನೆಗಳು ಅಂತ ಯಾವತ್ತೂ ಹೇಳಿಕೊಳ್ಳುವುದಿಲ್ಲ. ತಪ್ಪು ಆಯ್ಕೆ ಯಾಕೆ ತಪ್ಪು ಅಂತ ಬಿಡಿಸಿ ಹೇಳುತ್ತಾರೆ. ಇನ್ನೊಂದು ತಮಾಷೆ ಏನೆಂದರೆ, ಡಂಪುಗಳಲ್ಲಿ ತಪ್ಪು ಉತ್ತರಗಳೂ ಧಾರಾಳವಾಗಿ ಇರುತ್ತವೆ. ಪ್ರಶ್ನೆ ಕದಿಯುವುದು ಸುಲಭ, ಸರಿಯುತ್ತರ ಗೊತ್ತಿರಬೇಕಲ್ಲ.

ಪರೀಕ್ಷೆ ನಡೆಸುವವರು ಹಿಡಿಯುವುದೂ ಹೀಗೇ. ಒಂದೊಂದು ಪ್ರಶ್ನೆಗೆ ನೀವು ಎಷ್ಟು ಸೆಕೆಂಡ್ ತೆಗೆದುಕೊಂಡಿರಿ ಅನ್ನುವುದು ದಾಖಲಾಗುತ್ತದೆ. ಅರ್ಧ ಪರದೆ ತುಂಬುವ ಪ್ರಶ್ನೆಗೆ ಓದಲೂ ಸಾಲದಷ್ಟು ಸಮಯದಲ್ಲಿ ಉತ್ತರ ಕೊಟ್ಟರೆ ಅನುಮಾನ ಬರುತ್ತದೆ. ಹಳೆಯ ಪ್ರಶ್ನೆಗಳೆಲ್ಲ ಸರಿ, ಹೊಸದಾಗಿ ಸೇರಿಸಿದವೆಲ್ಲ ತಪ್ಪು ಅಂತಾದರೂ ಅನುಮಾನ. ಡಂಪಿನಲ್ಲಿರುವ ತಪ್ಪು ಉತ್ತರವನ್ನೇ ಚಾಚೂ ತಪ್ಪದೆ ಗುರುತು ಹಾಕಿದ್ದರೆ ಹೇಳುವುದೇ ಬೇಡ. ಪಾಸಾಗಿ ಎಷ್ಟೋ ದಿನ ಆದ ಮೇಲೂ ರದ್ದು ಮಾಡುವ ಹಕ್ಕು ಅವರಿಗೆ ಇರುತ್ತದೆ.

ನಿಮ್ಮ ಕಥೆ ಹಾಗೆ ಕಾಣುವುದಿಲ್ಲ. ಗೊತ್ತಿಲ್ಲದೆ ಒಂದಷ್ಟು ಪುಟ ನೋಡಿದಿರಿ, ಓದಿದ್ದು ಬೇರೆ ಕಡೆಯಿಂದ. ಇಷ್ಟಕ್ಕೇ ನಿಮ್ಮ ಸರ್ಟಿಫಿಕೇಟ್ ಹೋಗುತ್ತದೆ ಅಂತ ನನಗೆ ಅನಿಸುವುದಿಲ್ಲ. ಗ್ಯಾರಂಟಿಯನ್ನು ಮಾತ್ರ ಯಾರೂ ಕೊಡಲಾರರು. ಈಗಲೇ ಆ ಫೈಲನ್ನು ಫೋನ್, ಲ್ಯಾಪ್‌ಟಾಪ್, ಡ್ರೈವ್ ಎಲ್ಲ ಕಡೆಯಿಂದ ಅಳಿಸಿ. ಯಾರಿಗೂ ಫಾರ್ವರ್ಡ್ ಮಾಡಬೇಡಿ. ಗೊತ್ತಾದ ಮೇಲೂ ಕಳಿಸಿದರೆ ಆಗ ನೀವು ಹಂಚಿದವರಾಗುತ್ತೀರಿ. ಕಳಿಸಿದ ಸಹೋದ್ಯೋಗಿಗೆ ಒಬ್ಬರೇ ಇದ್ದಾಗ ಹೇಳಿ, ಗ್ರೂಪಿನಲ್ಲಿ ಮಾನ ಕಳೆಯಬೇಡಿ. ಪಾಪ, ಅವರಿಗೂ ಗೊತ್ತಿರಲಿಕ್ಕಿಲ್ಲ. ಪರೀಕ್ಷೆಯಲ್ಲಿ ಆ ಪಿಡಿಎಫ್‌ನ ಪ್ರಶ್ನೆಗಳೇ ಕಂಡಿದ್ದರೆ ಮಾತು ಬೇರೆ. ಅದನ್ನು ಎಡಬ್ಲ್ಯೂಎಸ್ ಸರ್ಟಿಫಿಕೇಷನ್ ವಿಭಾಗಕ್ಕೆ ನೀವೇ ಬರೆದು ತಿಳಿಸುವುದು ನೇರ ದಾರಿ. ಅಪಾಯ ಇಲ್ಲವೇ ಇಲ್ಲ ಅಂತ ಹೇಳಲಾರೆ. ಅವರೇ ಕಂಡುಹಿಡಿದು ಕೇಳಿದಾಗ ಹೇಳುವುದಕ್ಕಿಂತ ಅದು ಮೇಲು, ಅಷ್ಟೇ.

ಕೊನೆಯದು ನಿಮ್ಮ ದಾವಣಗೆರೆ ಜೂನಿಯರ್‌ಗಳು. ಖಂಡಿತ ಬರೆಯಿರಿ. ಕನ್ನಡದಲ್ಲಿ ಇಂಥ ಬರಹ ಕಡಿಮೆ. ಅವರಿಗೆ ಬೇಕಾಗಿರುವುದೂ ಪ್ರಶ್ನೆಗಳಲ್ಲ. 150 ಡಾಲರ್ ಫೀಸು, ಮೇಲೆ ತೆರಿಗೆ, ಒಟ್ಟು ಎಷ್ಟಾಗುತ್ತದೆ? ಫೇಲಾದರೆ ಎಷ್ಟು ದಿನ ಕಾಯಬೇಕು? (14 ದಿನ. ಮತ್ತೆ ಪೂರ್ತಿ ಫೀಸು.) ಕಾಲೇಜಿನಲ್ಲಿ ನೆಟ್‌ವರ್ಕಿಂಗ್ ಸರಿಯಾಗಿ ಓದದವರು ಎಲ್ಲಿಂದ ಶುರು ಮಾಡಬೇಕು? ಉಚಿತ ಖಾತೆ ತೆರೆದು ಪ್ರಾಕ್ಟೀಸ್ ಮಾಡುವಾಗ ಬಿಲ್ ಬರದಂತೆ ನೋಡಿಕೊಳ್ಳುವುದು ಹೇಗೆ? ಇದನ್ನೆಲ್ಲ ಬರೆದರೆ ಪುಟಗಟ್ಟಲೆ ಆಗುತ್ತದೆ.

ಅದರಲ್ಲಿ ಒಂದು ಮಾತು ಮರೆಯದೆ ಸೇರಿಸಿ. ಈ ಪರೀಕ್ಷೆ ಕನ್ನಡದಲ್ಲಿ ಇಲ್ಲ, ಇಂಗ್ಲಿಷಿನಲ್ಲೇ ಬರೆಯಬೇಕು. ಕನ್ನಡ ಮೀಡಿಯಂನಿಂದ ಬಂದವರಿಗೆ ಉದ್ದುದ್ದ ಪ್ರಶ್ನೆ ಓದುವುದರಲ್ಲೇ ಸಮಯ ಹೋಗುತ್ತದೆ. ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಕೇಳಿಕೊಂಡರೆ ಎಡಬ್ಲ್ಯೂಎಸ್ 30 ನಿಮಿಷ ಹೆಚ್ಚು ಕೊಡುತ್ತದೆ. ತಾನಾಗಿ ಕೊಡುವುದಿಲ್ಲ, ಅವರ ಖಾತೆಯ ಪುಟದಲ್ಲಿ ಅರ್ಜಿ ಹಾಕಬೇಕು. ಅದೂ ಪರೀಕ್ಷೆ ಬುಕ್ ಮಾಡುವ ಮುಂಚೆ.